ಸೊಟ್ಟ ಟಾಕಿಯ ವಂಶಸ್ಥರು

ಡಿಸೆಂಬರ್ ೩೪, ೨೧೯೧
ಚಳಿಮನೆ, ಬೆಟಗೇರಿ

ಭೂತಕಾಲದ ಸಮಸ್ತ ಮಹಾಜನಗಳೇ! ಕೌದಿ ಹೊದ್ದವರೇ, ಹೊದಿಸಿದವರೇ, ನಿದ್ದೆಗಣ್ಣಿನಲ್ಲಿ ಇಡೀ ಕೌದಿಯನ್ನು ತಮ್ಮ ಕಡೆ ಎಳೆದುಕೊಂಡು ಪಕ್ಕದವರನ್ನು ಚಳಿಗೆ ಒಪ್ಪಿಸಿದವರೇ! ಕರ್ಚಿಕಾಯಿಯ ಡಬ್ಬಿ ಎಲ್ಲಿದೆಯೆಂದು ಬಲ್ಲವರೇ, ಬಲ್ಲವರಾಗಿಯೂ ಬಾಯಿ ಬಿಡದವರೇ! ಮತ್ತು ಇವರೆಲ್ಲರಿಗಿಂತ ಮೇಲಾಗಿ, ಹೆಣ್ಣುಮಕ್ಕಳ ಶಾಲೆಯ ನಿವೃತ್ತ ಹೊಲಿಗೆ ಟೀಚರ್, ನಮ್ಮ ಮನೆತನದ ಮೂಲಸೂಜಿ, ಸತ್ಯವಂತಪ್ಪನವರ ಹಿರಿಯ ಮಗಳು ಜೀವರತ್ನ ಅವರೇ! ತಮ್ಮ ಪಾದಗಳಿಗೆ, ಪಾದದ ಬಿರುಕುಗಳಿಗೆ, ಆ ಬಿರುಕಿಗೆ ಹಚ್ಚಿದ ಮುಲಾಮಿಗೆ ನಮಸ್ಕಾರ.

ಮೇಲಿನ ತಾರೀಖು ನೋಡಿ ಕನ್ನಡಕ ಒರೆಸಿಕೊಳ್ಳಬೇಡಿ. ಮೂವತ್ತನಾಲ್ಕು ಎಂದೇ ಬರೆದಿದ್ದೇನೆ. ಕೈಯಿಂದ ಮಾಡುವ ಉಡುಗೊರೆ ಡಿಸೆಂಬರ್ ಇಪ್ಪತ್ತೈದರೊಳಗೆ ಮುಗಿದ ಉದಾಹರಣೆ ಲೋಕದಲ್ಲಿ ಒಂದೂ ಇಲ್ಲವೆಂದು ಮನಗಂಡ ನಮ್ಮ ಪಂಚಾಂಗ ಮಂಡಳಿ ಆ ತಿಂಗಳಿಗೆ ಒಂಬತ್ತು ದಿನ ಹೆಚ್ಚಿಗೆ ಜೋಡಿಸಿದೆ. ಜೋಡಿಸಿದ ಮೇಲೂ ಮುಗಿಯುತ್ತಿಲ್ಲ. ಅದು ಬೇರೆ ಮಾತು.

ನನ್ನ ನುಡಿ ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಕ್ಷಮೆಯಿರಲಿ. ತಮ್ಮ ಕಾಲದ ಕನ್ನಡವನ್ನು ನಾನು ಮೂವರು ಗುರುಗಳಿಂದ ಕಲಿತೆ: ಲಗ್ನಪತ್ರಿಕೆ, ಲಾರಿಯ ಹಿಂಭಾಗ, ಬಸ್ ನಿಲ್ದಾಣದ ಗೋಡೆ. ಆದ್ದರಿಂದ ನಡುನಡುವೆ ತಮ್ಮ ಆಗಮನಾಭಿಲಾಷಿ ಆಗಬಹುದು, ಹಾರ್ನ್ ಮಾಡಿ ಎನ್ನಬಹುದು, ಇಲ್ಲಿ ಉಗುಳಬೇಡಿ ಎಂದೂ ಅನ್ನಬಹುದು. ಯಾವುದನ್ನೂ ಮನಸ್ಸಿಗೆ ಹಚ್ಚಿಕೊಳ್ಳಬಾರದು. ನನ್ನ ಹೆಸರು ಹೊಂಬೆಳಗು. ತಮ್ಮ ಹಿರಿಯ ತಮ್ಮ ಯೋಬಣ್ಣನವರ ಆರನೆಯ ತಲೆಮಾರಿನವಳು. ಕೆಲಸ, ಮನೆತನದ ದಫ್ತರ ಕಾಯುವುದು. ಧೂಳು ಒರೆಸುವುದು, ಹಳೆಯ ಧ್ವನಿ ಕೇಳುವುದು, ಹಳೆಯ ಜಗಳಗಳನ್ನು ಅಕಾರಾದಿಯಾಗಿ ಜೋಡಿಸುವುದು.

ಬರೆಯಲು ಕಾರಣ ಒಂದೇ. ೨೦೨೪ರ ಕ್ರಿಸ್ಮಸ್ ಮರುದಿನ ತಾವು ಮನೆತನದ ವಾಟ್ಸಾಪ್ ಗುಂಪಿನಲ್ಲಿ ಹನ್ನೊಂದು ಸೆಕೆಂಡಿನ ಒಂದು ಧ್ವನಿಸಂದೇಶ ಬಿಟ್ಟಿರಿ. ದಫ್ತರದಲ್ಲಿ ಅದು ಈಗಲೂ ಕೇಳಿಸುತ್ತದೆ: “ಮುಂದಿನ ವರ್ಷದಿಂದ ಕೈಲೆ ಮಾಡೂದು ಬ್ಯಾಡ್ರೆಪಾ. ಎಲ್ಲಾರೂ ಅಂಗಡ್ಯಾಂದ ತರ್ರಿ. ಚೀಟಿ ಡಬ್ಬಿ ನಾ ಎತ್ತಿಟ್ಟೇನಿ. ಸಾಕಿನ್ನ.” ಅದರ ಕೆಳಗೆ ಒಂದು ಹೆಬ್ಬೆರಳು, ಎರಡು ಮುಗಿದ ಕೈ, ಯೋಬಣ್ಣನವರಿಂದ ತಪ್ಪಿ ಬಿದ್ದ ಒಂದು ಹುಟ್ಟುಹಬ್ಬದ ಕೇಕು. ಯಾರೂ “ಯಾಕ” ಎಂದು ಕೇಳಿಲ್ಲ. ಮುಂದಿನ ಪುಟ ೨೦೨೫ರ ಡಿಸೆಂಬರಿನ ಮೊದಲ ಭಾನುವಾರದ್ದು, ರೂಢಿಯಂತೆ ತಮ್ಮ ಮನೆಯಲ್ಲಿ ಡಬ್ಬಿ ತೆರೆದು ಚೀಟಿ ಎತ್ತಬೇಕಾದ ದಿನದ್ದು. ಆ ಪುಟ ಖಾಲಿ. ತಾವು ಡಬ್ಬಿ ತೆರೆದಿರೋ ಇಲ್ಲವೋ ನಮಗೆ ತಿಳಿಯದು. ತೆರೆಯಿರಿ ಎಂದು ಕೇಳಿಕೊಳ್ಳುವುದಕ್ಕಾಗಿಯೇ ಈ ಕಾಗದ. ಉಳಿದದ್ದೆಲ್ಲ ಪೀಠಿಕೆ. ನಮ್ಮ ಮನೆತನದಲ್ಲಿ ಪೀಠಿಕೆ ಯಾವಾಗಲೂ ಊಟಕ್ಕಿಂತ ಉದ್ದ.

ನಮ್ಮ ಕಾಲದಲ್ಲಿ ಅಂಗಡಿಗಳಿಲ್ಲ. ಪ್ರತಿ ಮನೆಯ ಗೋಡೆಯಲ್ಲೂ ‘ಅಂದರೆಬಂತು’ ಎಂಬ ಒಂದು ಗೂಡು ಇರುತ್ತದೆ. ಬೇಕು ಅಂದರೆ ಬಂತು, ಅಷ್ಟೇ. ಹೆಸರಿಟ್ಟವರು ತಲೆ ಕೆಡಿಸಿಕೊಂಡಿಲ್ಲ. ಚಹಾ ಅಂದರೆ ಚಹಾ, ಚಾದರ ಅಂದರೆ ಚಾದರ. ನಮ್ಮಜ್ಜಿ ಒಮ್ಮೆ “ಅಯ್ಯೋ ದೇವರೇ” ಅಂದಾಗ ಮಾತ್ರ ಗೂಡು ಬಹಳ ಹೊತ್ತು ಗಿರಗಿರ ತಿರುಗಿ, ಕೊನೆಗೆ ಒಂದು ಬಾಳೆಹಣ್ಣು ಕೊಟ್ಟು ಸುಮ್ಮನಾಯಿತು. ಹೀಗಾಗಿ ನಮ್ಮಲ್ಲಿ ಯಾರಿಗೂ ಯಾವುದೂ ಕಡಿಮೆಯಿಲ್ಲ, ಯಾರ ಉಡುಗೊರೆಯಿಂದಲೂ ಯಾರಿಗೂ ಬೆರಗಿಲ್ಲ. ವಸ್ತು ಕೊಟ್ಟರೆ “ಇಟ್ಟುಬಿಡು ಅಲ್ಲಿ” ಅನ್ನುತ್ತಾರೆ. ಕೈಯಿಂದ ಮಾಡಿದ್ದು ಎಂದರೆ ಮಾತ್ರ ಎದ್ದು ನಿಲ್ಲುತ್ತಾರೆ.

ಚಳಿಯೂ ಇಲ್ಲ. ಡಿಸೆಂಬರಿನಲ್ಲೂ ಬೆನ್ನ ಮೇಲೆ ಬೆವರು. ಆದ್ದರಿಂದ ಊರಿಗೊಂದು ಚಳಿಮನೆ. ದೊಡ್ಡ ಹಜಾರ, ಒಳಗೆ ತಮ್ಮ ಕಾಲದ ಬೆಟಗೇರಿಯ ಒಂದು ಡಿಸೆಂಬರ್ ಮುಂಜಾವನ್ನು ಹಾಗೆಯೇ ಕಾಪಿಟ್ಟಿದ್ದಾರೆ. ಒಡೆದ ತುಟಿ, ಬಿಳಿಚಿದ ಮೊಣಕೈ, ಬಾಟಲಿಯಲ್ಲಿ ಗಟ್ಟಿಯಾಗಿ ಕೂತು ಎಷ್ಟು ಬಡಿದರೂ ಇಳಿಯದ ಕೊಬ್ಬರಿ ಎಣ್ಣೆ, ಎರಡು ಓಣಿ ಆಚೆ ಯಾರದೋ ಕೈಮಗ್ಗದ ಲಟಕ್ ಪಟಕ್. ಬಾಯಿ ತೆರೆದರೆ ಹೊಗೆ ಬರುತ್ತದೆ. ಮಕ್ಕಳು ಅದನ್ನು ನೋಡಿ ಕಿರುಚುತ್ತಾರೆ. ಒಂದೊಂದು ಕುಟುಂಬಕ್ಕೆ ವರ್ಷದಲ್ಲಿ ಒಂದೇ ಬೆಳಗು ಪಾಳಿ ಸಿಗುತ್ತದೆ. ಇಂದು ನಮ್ಮದು. ಬೆರಳು ಸೆಟೆದುಕೊಂಡಿವೆ, ಅಕ್ಷರ ಸೆಟೆದುಕೊಂಡಿದ್ದರೆ ಅದೇ ಕಾರಣ.

ಇಲ್ಲಿ ನಾವು ಸತ್ಯವಂತಪ್ಪನವರ ಮನೆಯ ಹಬ್ಬವನ್ನು ಪುಟಬಿಡದೆ ಮಾಡುತ್ತೇವೆ. ಸತ್ಯವಂತಪ್ಪನವರಿಗೆ ಬೆಟಗೇರಿಯಲ್ಲಿ ಸೈಕಲ್ ದುರಸ್ತಿಯ ಅಂಗಡಿಯಿತ್ತು. ಭಾನುವಾರ ದೇವಾಲಯಕ್ಕೆ ಬರುವಾಗಲೂ ಅವರ ಉಗುರಲ್ಲಿ ಗ್ರೀಸಿರುತ್ತಿತ್ತು. ಮೂರು ಮಕ್ಕಳೂ ಒಂದೇ ಬೊಂಬೆಗಾಗಿ ಜಗಳವಾಡಿದ ಒಂದು ವರ್ಷ, ಬೊಂಬೆಯನ್ನು ಅಟ್ಟಕ್ಕೆ ಎಸೆದು ಅವರು ಹೇಳಿದರಂತೆ: “ಅಂಗಡ್ಯಾಗ ಸಿಗೂದು ಅಂಗಡ್ಯಾಂವ ಮಾಡಿದ್ದು. ನೀ ಏನ ಮಾಡಿದಿ ಅದನ್ನ ಕೊಡು. ಬರೂದಿಲ್ಲಂದ್ರ ಕಲಿ. ಕಲಿಯಾಕ ಆಗೂದಿಲ್ಲಂದ್ರ ಕೆಡಸು, ಆದ್ರ ಕೈಲೆ ಕೆಡಸು.” ಅಂದಿನಿಂದ ಬಿಸ್ಕೀಟಿನ ಡಬ್ಬಿಯಲ್ಲಿ ಮನೆಮಂದಿಯ ಹೆಸರಿನ ಚೀಟಿ. ಯಾರ ಚೀಟಿ ಬಂತೋ ಅವರಿಗೆ ಕೈಯಾರೆ ಏನಾದರೂ ಮಾಡಿಕೊಡಬೇಕು, ಹಬ್ಬದವರೆಗೆ ಹೇಳಬಾರದು. ದೊಡ್ಡ ಕೆಲಸ ಹಿಡಿಯುವವರು ಮುಂದಿನ ವರ್ಷದ ಚೀಟಿಯನ್ನೂ ಮುಂಚೆಯೇ ಎತ್ತಿಕೊಳ್ಳಬಹುದು. ಈ ರಿಯಾಯಿತಿ ಪಡೆದವರು ತಾವೊಬ್ಬರೇ, ಕೌದಿಗಾಗಿ.

ಅವರ ನಕ್ಷತ್ರವನ್ನೂ ಕಟ್ಟುತ್ತೇವೆ. ಸೈಕಲ್ಲಿನ ಹಳೆಯ ಕಡ್ಡಿಗಳನ್ನು ಬಗ್ಗಿಸಿ, ಗಾಳಿಪಟದ ಹಾಳೆ ಅಂಟಿಸಿ ಮಾಡಿದ ಆ ಚುಕ್ಕಿಗೆ ಐದು ಮೂಲೆ ಇರಬೇಕಿತ್ತು. ಐದನೆಯದಕ್ಕೆ ಕಡ್ಡಿ ಸಾಲದೆ ಅರ್ಧಕ್ಕೆ ನಿಂತಿತು. “ನಾಳೆ ಮಾಡ್ತೇನಿ” ಎಂದರು. ಆ ನಾಳೆ ಇಪ್ಪತ್ತೆರಡು ವರ್ಷ ಬರಲಿಲ್ಲ. ಈಗ ಲೋಕದ ಎಲ್ಲ ಕ್ರಿಸ್ಮಸ್ ನಕ್ಷತ್ರಗಳಿಗೂ ನಾಲ್ಕೂವರೆ ಮೂಲೆ. ಯಾಕೆ ಎಂದು ಮಕ್ಕಳು ಕೇಳಿದರೆ, ದೇವರು ಅರ್ಧ ಕೆಲಸ ನಮಗೆ ಬಿಟ್ಟಿದ್ದಾನೆ ಎಂದು ಸಭಾಪಾಲಕರು ಭಾನುವಾರ ಬೋಧಿಸುತ್ತಾರೆ. ಕಡ್ಡಿ ಸಾಲಲಿಲ್ಲ ಎಂಬುದು ದಫ್ತರದವರಾದ ನಮಗೆ ಮಾತ್ರ ಗೊತ್ತು. ನಾವು ಬಾಯಿ ಬಿಡುವುದಿಲ್ಲ.

ಯೋಬಣ್ಣನವರ ಸ್ಟೂಲುಗಳಂತೂ ವಸ್ತುಸಂಗ್ರಹಾಲಯ ಸೇರಿವೆ. ಯಾರ ಚೀಟಿ ಬಂದರೂ ಅವರು ಸ್ಟೂಲೇ ಮಾಡುತ್ತಿದ್ದರು. ಹನ್ನೊಂದು ಸ್ಟೂಲು, ನಲವತ್ತನಾಲ್ಕು ಕಾಲು, ಒಂದಕ್ಕೊಂದು ಸಮನಿಲ್ಲ. “ಯೋಬಣ್ಣನ ಸ್ಟೂಲಿನ ಮ್ಯಾಲ ಕೂಡೂಕಿಂತ ಮೊದಲ ಪ್ರಾರ್ಥನಾ ಮಾಡಬೇಕು, ಇಳದ ಮ್ಯಾಲ ಕೃತಜ್ಞತಾ ಸ್ತುತಿ ಹೇಳಬೇಕು” ಎಂದು ತಾವೇ ಅಂದದ್ದು ದಾಖಲಾಗಿದೆ. ಮೂರು ವರ್ಷ ಅವರಿಗೆ ತಮ್ಮದೇ ಹೆಸರಿನ ಚೀಟಿ ಬಂತು. ತಿರುಗಿ ಹಾಕಬೇಕೆಂಬುದು ಹೊಳೆಯದೆ, ಗುಟ್ಟು ಬಿಟ್ಟುಕೊಡದೆ, ಬಾಗಿಲು ಮುಚ್ಚಿಕೊಂಡು ತಮಗೆ ತಾವೇ ಸ್ಟೂಲು ಮಾಡಿ, ಹಬ್ಬದ ದಿನ ಬಿಚ್ಚಿ ನೋಡಿ, “ಅಯ್ಯ, ನನಗ ಸ್ಟೂಲ ಬೇಕಾಗಿತ್ತು!” ಎಂದು ಬೆರಗಾಗಿದ್ದರು. ಅಂಥ ಬೆರಗು ನಮ್ಮ ಕಾಲದಲ್ಲಿ ಯಾವ ಗೂಡಿನಿಂದಲೂ ಬರುವುದಿಲ್ಲ.

ಇನ್ನು ಕೌದಿ. ತಮ್ಮ ತಾಯಿ ಸುಗುಣವ್ವ ಮತ್ತು ತಾವು ಪಡಸಾಲೆಯಲ್ಲಿ ಎದುರುಬದುರು ಕೂತು, ನಡುವೆ ಹಳೆಯ ಸೀರೆಗಳ ಪದರ ಹಾಸಿಕೊಂಡು, ಆ ತುದಿಯಿಂದ ಒಬ್ಬರು ಈ ತುದಿಯಿಂದ ಒಬ್ಬರು ಸೂಜಿದಾರದ ಟಾಕಿ ಹಾಕುತ್ತಾ ಬರುತ್ತಿದ್ದಿರಿ. ತಮ್ಮ ಟಾಕಿ ಜೋಳದ ಸಾಲಿನ ಹಾಗೆ, ಒಂದಕ್ಕೊಂದು ಅಕ್ಕಪಕ್ಕ, ಒಂದೇ ಅಳತೆ. ಮೂವತ್ತೊಂದು ವರ್ಷ ಶಾಲೆಯ ಹುಡುಗಿಯರಿಗೆ ಅದನ್ನೇ ಕಲಿಸಿದಿರಿ, ಅಳತೆ ತಪ್ಪಿದರೆ ಬಿಚ್ಚಿಸಿದಿರಿ. ಹಳೆಯ ಸೀರೆಯ ವಾಸನೆ, ಸೀರೆಯಲ್ಲಿ ಉಳಿದ ಒಗ್ಗರಣೆಯ ವಾಸನೆ, ಹೊರಗೆ ಕೀರ್ತನೆ ಹಾಡುತ್ತಾ ಬಂದ ಯುವಕ ಸಂಘದವರು ಕೆಮ್ಮಿ ಕೆಮ್ಮಿ ಚಹಾ ಕೇಳುವ ರೀತಿ, ಇವೆಲ್ಲ ದಫ್ತರದಲ್ಲಿವೆ. ಕಟ್ಟಕಡೆಯ ಮೂಲೆ ಮುಚ್ಚುವ ಮುಂಚೆ ಸುಗುಣವ್ವ ಅದರೊಳಗೆ ಕರ್ಚಿಕಾಯಿಯ ಒಂದು ಚೂರು ಇಟ್ಟು ಹೊಲಿಯುತ್ತಿದ್ದರು. ಕೌದಿ ಹಸಿದುಕೊಂಡು ಯಾರ ಮೈಮೇಲೂ ಬೀಳಬಾರದು ಎಂಬುದು ಅವರ ನಂಬಿಕೆ. ಇದರಿಂದ ಇರುವೆಗಳಿಗೂ ಹಬ್ಬ, ಕೌದಿಗೂ ಹಬ್ಬ, ನಡುವೆ ಮಲಗಿದವರಿಗೆ ಮಾತ್ರ ದಬ್ಬಾದಬ್ಬ.

ಈಗ ೨೦೨೪ರ ಹಬ್ಬದ ಸಂಜೆಗೆ ಬರುತ್ತೇನೆ. ಇತಿಹಾಸಕಾರಳಾಗಿ ನನಗೆ ಸಿಟ್ಟು ಬರಬಾರದು. ಬರುತ್ತಿದೆ, ಏನು ಮಾಡಲಿ.

ಸುಗುಣವ್ವ ತೀರಿ ಎರಡು ವರ್ಷವಾಗಿತ್ತು. ಅವರ ಟ್ರಂಕಿನಲ್ಲಿ ಒಂಬತ್ತು ಸೀರೆಗಳಿದ್ದವು. ತಮಗೆ ಬಂದ ಚೀಟಿ ಕಿರಿಯ ತಮ್ಮ ಕೃಪಾಕರನದು. ಒಂಬತ್ತೂ ಸೀರೆ ಸೇರಿಸಿ ಎಂಟು ತಿಂಗಳು ಕೂತು ತಾವೊಬ್ಬರೇ ಒಂದು ಕೌದಿ ಹೊಲಿದಿರಿ. ಎದುರಿನ ತುದಿಯಲ್ಲಿ ಯಾರೂ ಇರಲಿಲ್ಲ.

ಈ ಕೃಪಾಕರ ಎಂಬ ವ್ಯಕ್ತಿಯ ಬಗ್ಗೆ ಎರಡು ಮಾತು. ಗದಗಿನ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವವನು. ವಯಸ್ಸು ನಲವತ್ತಾರು. ಕನ್ನಡ ಮಾಧ್ಯಮದಲ್ಲಿ ಬಿ.ಎ. ಇಡೀ ದಿನ ಇನ್ನೊಬ್ಬರ ತಪ್ಪು ಹುಡುಕಿ ಅಂಚಿನಲ್ಲಿ ಗೆರೆ ಎಳೆಯುವುದು ಅವನ ವೃತ್ತಿ. ಉಳಿದ ಹೊತ್ತು ಪ್ರಾಸ ಕಟ್ಟುವುದು ಪ್ರವೃತ್ತಿ. ಕೈಯಿಂದ ಒಂದು ಮೊಳೆ ಹೊಡೆಯಲೂ ಬರುವುದಿಲ್ಲ. ಪ್ರತಿ ವರ್ಷ ಯಾರ ಚೀಟಿ ಬಂದರೂ ರಟ್ಟಿನ ಮೇಲೆ ಒಂದು ಪದ್ಯ ಬರೆದು ಕೊಡುತ್ತಿದ್ದ. ಬರವಣಿಗೆಯೂ ಕೈಕೆಲಸವೇ ಎಂದು ವಾದ. ಮನೆಮಂದಿ ಒಪ್ಪಿದ್ದರು, ಯಾಕೆಂದರೆ ಅವನು ಮಾಡಿದ ಸ್ಟೂಲನ್ನು ಕಲ್ಪಿಸಿಕೊಳ್ಳಲು ಯಾರಿಗೂ ಧೈರ್ಯವಿರಲಿಲ್ಲ.

ಕೌದಿ ಬಿಚ್ಚಿದ. ಕರಡು ತಿದ್ದುವ ಕಣ್ಣು ಮೊದಲು ಸೀರೆ ನೋಡಲಿಲ್ಲ, ಸಾಲು ನೋಡಿತು. ಸಾಲುಗಳು ಸೊಟ್ಟಗಿದ್ದವು. ಒಂದು ಟಾಕಿ ಉದ್ದ, ಒಂದು ಗಿಡ್ಡ, ಒಂದು ಮೇಲೆ, ಒಂದು ಕೆಳಗೆ. ಹೊಲಿಗೆ ಟೀಚರ್ ಕೈಯಿಂದ! ಅವನಿಗೆ ಇಷ್ಟೇ ಸಾಕಾಯಿತು. ನಿಂತ ಕಾಲಲ್ಲಿ ಹೇಳಿದ:

“ಅಕ್ಕನ ಹೊಲಿಗಿ ಗದಗಿನ ಗಾಡಿ,
ಹಳಿ ಬಿಟ್ಟು ಹೊಲದಾಗ ಹೊಂಟೈತಿ ಓಡಿ!
ಒಂದ ಟಾಕಿ ಹುಬ್ಬಳ್ಳಿಗಿ, ಒಂದ ಹೊಸಪ್ಯಾಟಿಗಿ,
ಹೊದ್ಕೊಂಡಾಂವ ಹಾದು ಬಿದ್ದ ರೈಲ್ವೆ ಗ್ಯಾಟಿಗಿ!”

ಪ್ರಾಸ ಚೆನ್ನಾಗಿದೆ, ಅದೇ ಅದರ ದೊಡ್ಡ ದೋಷ. ಕೆಟ್ಟ ಪ್ರಾಸವಾಗಿದ್ದರೆ ಯಾರೂ ನಗುತ್ತಿರಲಿಲ್ಲ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಯೋಬಣ್ಣನವರು ಸ್ಟೂಲಿನಿಂದ ನಿಜವಾಗಿಯೂ ಬಿದ್ದರು, ಬಿದ್ದಲ್ಲಿಂದಲೇ “ಲೇ ಕೃಪ್ಯಾ, ಇನ್ನೊಮ್ಮೆ ಹೇಳಲೇ!” ಎಂದರು. ಆ ಮನುಷ್ಯ ಇನ್ನೊಮ್ಮೆ ಹೇಳಿದ. ಕೈಯಿಂದ ರೈಲು ಮಾಡಿ ತೋರಿಸಿದ. ತಾವೂ ನಕ್ಕಿರಿ. “ಹೌದಪಾ, ಮುದಿಕ್ಯಾದ್ಲು ನಿಮ್ಮಕ್ಕ” ಎಂದಿರಿ. ಚಹಾ ಮಾಡುತ್ತೇನೆಂದು ಎದ್ದು ಒಳಗೆ ಹೋದಿರಿ. ಚಹಾ ಬಂದದ್ದು ಬಹಳ ತಡವಾಗಿ. ತಂದವಳು ಯೋಬಣ್ಣನವರ ಮಗಳು ರೂತ್. ತಾವು ಹೊರಗೆ ಬರಲಿಲ್ಲ. ಮರುದಿನ ಹನ್ನೊಂದು ಸೆಕೆಂಡಿನ ಆ ಸಂದೇಶ.

ದಫ್ತರದಲ್ಲಿ ಇನ್ನೊಂದು ಮಾತಿದೆ. ಹನ್ನೊಂದು ತಿಂಗಳ ಮೇಲೆ, ಈ ನವೆಂಬರಿನಲ್ಲಿ, ರೂತ್ ತನ್ನ ಕಾಕಾ ಕೃಪಾಕರನಿಗೆ ಫೋನಿನಲ್ಲಿ ಹೇಳಿದ್ದು: “ಕಾಕಾ, ಅತ್ತೀ ಬಲಗೈ ನಡಗತೈತಿ. ಎರಡ ವರ್ಷ ಆತು. ಡಾಕ್ಟರ ಗುಳಿಗಿ ಕೊಟ್ಟಾರ, ಯಾರ ಮುಂದೂ ಹೇಳಬ್ಯಾಡ ಅಂದಾಳ. ಆ ಕೌದಿಗಿ ದಾರ ಪೋಣಸಾಕ ಅಕಿ ನನ್ನ ಕರೀತಿದ್ಲು. ಒಂದೊಂದ ಟಾಕಿ ನಾಕ ಸಲ ಬಿಚ್ಚತಿದ್ಲು. ಕಡೀಕ ಬಿಚ್ಚೂದ ಬಿಟ್ಟು, ‘ಇರಲಿ, ಕೃಪ್ಯಾಗ ತಿಳೀತೈತಿ’ ಅಂದ್ಲು.”

ಕೃಪ್ಯಾಗೆ ತಿಳಿಯಲಿಲ್ಲ. ದಫ್ತರದಲ್ಲಿ ಅವನ ಹೆಸರಿನ ಎದುರು ಅಂಚಿನಲ್ಲಿ ಒಂದು ಗೆರೆ ಎಳೆದಿದ್ದೇವೆ.

ಆದರೆ ಜೀವರತ್ನ ಅವರೇ, ತಾವು ತಿಳಿಯಬೇಕಾದ್ದು ಮುಂದಿನದು. ಆ ಕೌದಿ ಉಳಿಯಿತು. ಅಂದರೆಬಂತು ಬಂದ ಮೇಲೆ ಲೋಕದ ಎಲ್ಲ ಹೊಲಿಗೆಯೂ ನೆಟ್ಟಗಾಯಿತು. ಯಂತ್ರಕ್ಕೆ ಸೊಟ್ಟ ಹೊಲಿ ಎಂದರೂ ಹೊಲಿಯುತ್ತದೆ, ಆದರೆ ಒಂದು ಗೇಣಿನ ಆಚೆ ಅದೇ ಸೊಟ್ಟ ತಿರುಗಿ ಬರುತ್ತದೆ. ಒಮ್ಮೆ ಬಂದ ಸೊಟ್ಟ ಇನ್ನೊಮ್ಮೆ ಬಾರದಂಥ ಹೊಲಿಗೆ ತಮ್ಮ ಆ ಕೌದಿಯಲ್ಲಿ ಮಾತ್ರ ಸಿಕ್ಕಿತು. ಪಂಡಿತರು ಬಂದರು, ಭೂತಗನ್ನಡಿ ಹಿಡಿದರು, ಅಳೆದರು. ಹದಿನಾರು ಸಾವಿರ ಟಾಕಿಗಳಲ್ಲಿ ಒಂದರಂತೆ ಇನ್ನೊಂದಿಲ್ಲ. ಈಗ ಅದಕ್ಕೆ ‘ಜೀವಟಾಕಿ’ ಎನ್ನುತ್ತಾರೆ. ಕಲಿಸಲು ಬೆಟಗೇರಿಯಲ್ಲಿ ಒಂದು ವಿದ್ಯಾಲಯವೇ ಇದೆ, ಆರು ವರ್ಷದ ಓದು. ಮೊದಲೆರಡು ವರ್ಷ ನೆಟ್ಟಗೆ ಹೊಲಿಯುವುದನ್ನು ಮರೆಸುತ್ತಾರೆ. ಜಾಣ ಹುಡುಗಿಯರೂ ಮೂರನೆಯ ವರ್ಷ ಅತ್ತು ಬಿಡುತ್ತಾರೆ, ಸೊಟ್ಟ ಬರುವುದಿಲ್ಲ ಎಂದು. ಹೊಸ ಹೆತ್ತವರಿಗೆ, ಹೊಸ ಮನೆಗೆ, ಕಾಯಿಲೆ ಬಿದ್ದವರಿಗೆ ಜೀವಟಾಕಿಯ ಒಂದು ತುಂಡಾದರೂ ಕೊಡುವುದು ನಮ್ಮ ರೂಢಿ. ಕೊಡುವಾಗ ಬೆರಳಿನಿಂದ ಆ ಸಾಲನ್ನು ಸವರಿ ತೋರಿಸುತ್ತಾರೆ: ಇಲ್ಲಿ ನಿಂತಿದ್ದಾಳೆ, ಇಲ್ಲಿ ಬಿಟ್ಟು ಮತ್ತೆ ಹಿಡಿದಿದ್ದಾಳೆ, ಇಲ್ಲಿ ನೋಡು, ಬಿಡಲೇ ಇಲ್ಲ.

ಇಂದು ಬೆಳಗ್ಗೆ ಚಳಿಮನೆಯಲ್ಲಿ ನಮ್ಮ ಇಡೀ ಕುಟುಂಬ ಆ ಕೌದಿಯ ಸುತ್ತ ಕೂತಿದೆ. ನಲವತ್ಮೂರು ಜನ. ಒಬ್ಬೊಬ್ಬರೂ ಒಂದೊಂದು ಟಾಕಿ ಹಾಕುತ್ತಾರೆ. ಪಾಳಿ ನನ್ನದಾದಾಗ ಸೂಜಿ ಹಿಡಿದು ನೋಡಿದೆ. ನೀಲಿ ಸೀರೆಯೊಂದು ಇದೆಯಲ್ಲ, ಅಂಚಿನಲ್ಲಿ ಚಿಕ್ಕ ಬಿಳಿ ಗೆರೆ ಇದ್ದದ್ದು, ಅವ್ವ ಆಸ್ಪತ್ರೆಗೆ ಹೋಗುವಾಗ ಉಟ್ಟಿದ್ದು. ಆ ಸೀರೆಯ ಮೇಲೆ ಮಾತ್ರ ಟಾಕಿಗಳು ಬಹಳ ಹತ್ತಿರ ಹತ್ತಿರ ಇವೆ. ಒತ್ತೊತ್ತಾಗಿ. ಅಲ್ಲಿ ತಾವು ಬಹಳ ದಿನ ಕೂತಿರಬೇಕು. ನಾನು ಅದನ್ನು... 

ಇಲ್ಲ. ಇದು ಹೀಗೆ ಬರೆಯಲಾಗುವುದಿಲ್ಲ.

ಅಕ್ಕಾ, ಹೊಂಬೆಳಗು ಅನ್ನಾಕಿ ಯಾರೂ ಇಲ್ಲ. ಚಳಿಮನಿ ಇಲ್ಲ, ವಿದ್ಯಾಲಯ ಇಲ್ಲ, ಜೀವಟಾಕಿ ಅಂತ ಯಾರೂ ಕಲಸೂದಿಲ್ಲ. ನಾ ಕೃಪ್ಯಾ. ರೂತ್ ಫೋನ್ ಮಾಡಿ ಮೂರು ವಾರ ಆತು. ಗದಗಿನಿಂದ ಬೆಟಗೇರಿಗೆ ಎರಡು ಮೈಲು ಬಂದು ಒಂದು ಮಾತು ಹೇಳಾಕ ಆಗಲಾರದ, ನೂರಾ ಅರವತ್ತಾರು ವರ್ಷ ಸುತ್ತು ಹಾಕೊಂಡು ಬಂದೆ. ನಿನ್ನ ಹೊಲಿಗಿ ಹಿಂಗ್ಯಾಕ ಆತು ಅಂತ ಅವತ್ತು ನಾ ಕೇಳಬೇಕಿತ್ತು. ಕೇಳಲಿಲ್ಲ, ನಗಿಸಿದೆ. ತಪ್ಪಾತು, ಅಕ್ಕಾ. ಈ ಕಾಗದ ಟಪಾಲಿಗೆ ಹಾಕಿಲ್ಲ. ಬಾಗಿಲ ಸಂದಿಯಾಗ ಸರಿಸಿ ಹೊರಗ ಕಟ್ಟಿ ಮ್ಯಾಲ ಕುಂತೇನಿ.